ಅವ್ವ ಕೊಟ್ಟ ಒಲಿ

ವಿಮಾನ ನಗರ, ಪುಣೆ
೧೪ ಜುಲೈ ೨೦೨೫, ಸೋಮವಾರ

ಪ್ರೀತಿಯ ಇಂದಕ್ಕಾ,

ನಿನ್ನ ಮೊಣಕಾಲು ನೋವು ಹೆಂಗದ? ಸಿಟ್ಟು ಹೆಂಗದ ಅಂತ ಕೇಳೂದಿಲ್ಲ, ನಿನ್ನೆ ನೀ ಫೋನ್ ಕುಕ್ಕಿದ ಸಪ್ಪಳ ಬಾರಾಮತಿಯಿಂದ ಇಲ್ಲೀತನಕಾ ಕೇಳಿಸ್ತು. "ನಿನ್ನ ರೋಗಾನ ಸತ್ತ ಅವ್ವನ ಮ್ಯಾಲ ಹೊರಸ್ತೀಯೇನೋ ಭಾಡ್ಯಾ" ಅಂದಿ. ಐವತ್ತು ವರ್ಷ ಆತು, ನೀ ನನ್ನ ಒಂದು ಮಾತೂ ಪೂರ್ತಿ ಕೇಳಿಲ್ಲ. ಅದಕ್ಕ ಬರೀಲಿಕತ್ತೇನಿ, ಕಾಗದಾ ಕುಕ್ಕಾಕ ಬರೂದಿಲ್ಲ.

ನನ್ನ ತಪಾಸ ಮಾಡಿದ ಡಾಕ್ಟರ್ ಬಾಯಿಯವರು ಹೇಳಿದ್ದು ಇಷ್ಟ. ಮೈಯಾಗಿನ ಒಂದೊಂದು ಜೀವಕಣದೊಳಗೂ ನೂರಾರು ಸಣ್ಣ ಒಲಿ ಅದಾವಂತ. ಮೈಟೋಕಾಂಡ್ರಿಯಾ ಅಂತಾರ. ಆ ಹೆಸರು ಬಾಯಿಪಾಠ ಮಾಡೂದರಾಗ ಹೋಟೆಲಿನ್ಯಾಗ ನಾ ತವಾದ ಮ್ಯಾಲ ಹಾಕಿದ ಎರಡು ದ್ವಾಸಿ ಹೊತ್ತಿದ್ವು. ಉಂಡದ್ದು ಉಸಿರಿನ ಗಾಳಿ ಕೂಡ ಅಲ್ಲೇ ಉರದು ಶಕ್ತಿ ಆಗತದ. ಇನ್ನೂರು ಕೋಟಿ ವರ್ಷದ ಹಿಂದ ಅವು ಬ್ಯಾರೆ ಜೀವಾನ ಇದ್ದುವಂತ, ಇನ್ನೊಂದರ ಮನಿ ಹೊಕ್ಕು ಅಲ್ಲೇ ಉಳದ್ವಂತ. ಎಂಟು ದಿನಾ ಅಂತ ಬಂದು ಎಂಟು ವರ್ಷ ಕೂತ ನಮ್ಮ ಮಧುಕರ ಕಾಕಾನ ಹಂಗ. ಆದರ ಕಾಕಾ ಬರೇ ಉಂಡಾ, ಇವು ಅಡಿಗಿನೂ ಮಾಡ್ತಾವ.

ನನ್ನ ಒಲಿಗೋಳಿಗೆ ಉರಿ ಕಡಿಮಿ. ಅದಕ್ಕ ತವಾದ ಮುಂದ ನಿಂತ್ರ ಕಾಲು ಸೋಲ್ತಾವ, ರೆಪ್ಪಿ ಜೋತಬೀಳ್ತದ. ಕಣ್ಣು ಹೊಡದಾ ಅಂತ ಒಬ್ಬಾಕಿ ಮಾಲಕಗ ದೂರು ಕೊಟ್ಟಾಳ! ಈ ವಯಸ್ಸಿನಾಗ! ನೀ ಅಂತೂ ನಾ ಸಣ್ಣಾಂವ ಇದ್ದಾಗಿಂದ "ಮೈಗಳ್ಳ, ಮೈಗಳ್ಳ" ಅಂದಿ. ಮೈಯಾಗ ಕಳ್ಳ ಇದ್ದದ್ದು ಖರೇ ಅಕ್ಕಾ, ಆದರ ಅಂವ ನಾ ಅಲ್ಲ.

ಈ ಒಲಿ ಮಕ್ಕಳಿಗೆ ತಾಯಿಯಿಂದಷ್ಟ ಬರತಾವ. ಅಪ್ಪ ಬರಿಗೈಲೆ ಬಂದಾಂವ. ಹಂಗಾಗಿ ನನ್ನ ಮಗ ರೋಹಿತಗ ಭಯ ಇಲ್ಲ. "ಅವ್ವನಿಂದ ಬಂತು" ಅಂದ್ರ ಅವ್ವನ ತಪ್ಪು ಅಂತಲ್ಲ, ಮಾರಾಯ್ತಿ. ಆಕಿಗೂ ಆಕಿ ಅವ್ವನ ಕೊಟ್ಟದ್ದು. ನಮ್ಮವ್ವ ರೊಟ್ಟಿ ಬಡಕೋತ ಕೂತಲ್ಲೇ ತೂಕಡಸಾಕಿ, ನಾವಿಬ್ಬರೂ ನಗತಿದ್ವಿ, ನೆನಪದ?

ನನ್ನ ಹೇಣ್ತಿ ಒಳಗಿಂದ ಒದರಾಕತ್ತಾಳ, "ಏನ್ರೀ, ರೊಟ್ಟಿ ಆರಾಕತ್ತಾವ, ಬರ್ರಿ, ಪುರಾಣ ಆಮ್ಯಾಲ!" ಹೋಗ್ತೇನಿ. ಭಾವನವರಿಗೆ ನಮಸ್ಕಾರ, ನಿನ್ನ ಮಗಳು ನೀಲಿಮಾಗ ಮಾಮಾನ ಆಶೀರ್ವಾದ.

ನಿನ್ನ ಮೈಗಳ್ಳ ತಮ್ಮ,
ಕೃಷ್ಣಾಜಿ

ತಾ.ಕ.: ನೀ ಕಳಿಸಿದ ನೀಲಿಮಾನ ಫೋಟೋ ಮತ್ತೊಮ್ಮೆ ನೋಡು. ಎಡಗಣ್ಣಿನ ರೆಪ್ಪಿ ನನ್ನಂಗ ಜೋತಬಿದ್ದದ. ಮೆಟ್ಟಲಾ ಹತ್ತೂವಾಗ ಎರಡು ಸಲ ಕೂಡ್ತಾಳ, ನೀ ಮೈಗಳ್ಳಿ ಅಂತ ಬೈತಿ. ಇಪ್ಪತ್ನಾಕನೇ ತಾರೀಖ ಗುರುವಾರ ಡಾಕ್ಟರ್ ಬಾಯಿ ಹತ್ರ ಆಕಿ ಹೆಸರು ಬರಸೇನಿ. ಕರಕೊಂಡು ಬಾ. ಬಂದು ನನ್ನ ಎಷ್ಟಾರ ಬೈ. ಆಕಿಗೆ ಮಾತ್ರ ಇನ್ನ ಆ ಶಬ್ದಾ ಅನಬ್ಯಾಡ.