ಯಾವ ಆವೃತ್ತಿಯ ನಕ್ಷೆ?

ನವೆಂಬರ್ 5, ಮಂಗಳವಾರ

ಕಾಫಿ ಯಂತ್ರ ತೊಳೆಯುವ ಸರದಿ ಮತ್ತೆ ನನ್ನದೇ. ಪಟ್ಟಿಯಲ್ಲಿ ವೇಯೋ ಹೆಸರಿದೆ, ಕೈ ಮಾತ್ರ ನನ್ನದು. ಗ್ರಂಥಾಲಯದ ಮುಖ್ಯಸ್ಥನಾದವನು ಸೋಪು ಮುಟ್ಟಬಾರದೇನೋ.

ಬೆಳಿಗ್ಗೆ ಗಾಜಿನ ಕೋಣೆಯಲ್ಲಿ ಕೋರ್ಸ್. ಹನ್ನೆರಡು ಜನ. ವೈದ್ಯರು, ಇಬ್ಬರು ನರ್ಸ್, ಒಬ್ಬ ದಂತವೈದ್ಯ. ನಾಲ್ಕು ವರ್ಷದ ಹಿಂದೆ ಅಲ್ಲಿ ಶಸ್ತ್ರಚಿಕಿತ್ಸೆಯ ಪುಸ್ತಕಗಳ ಕಪಾಟಿತ್ತು. ಈಗ ಆಸ್ಪತ್ರೆಯಿಂದ ಯಾರೂ ಪುಸ್ತಕ ಕೇಳಿಕೊಂಡು ಬರುವುದಿಲ್ಲ. ರೋಗಿಗಳ ಜೀನ್ ಪಟ್ಟಿ ಹಿಡಿದು ಬರುತ್ತಾರೆ, ಕಂಪ್ಯೂಟರ್ ಮುಂದೆ ಬೆಪ್ಪಾಗಿ ಕೂರುತ್ತಾರೆ, ನಾನು ದಾರಿ ತೋರಿಸುತ್ತೇನೆ. ಐವತ್ತೊಂದನೇ ವಯಸ್ಸಿನಲ್ಲಿ ಅತ್ತುಕೊಂಡು ಕಲಿತ ವಿದ್ಯೆ. ಆ ವರ್ಷ ಕಲಿಯದಿದ್ದರೆ ಕಪಾಟಿನ ಜೊತೆ ನನ್ನನ್ನೂ ಸಾಗಿಸುತ್ತಿದ್ದರು. ದಿನಾ ನೆನೆಯುತ್ತೇನೆ.

ಮಾಮೂಲು ಪಾಠ ಮಾಡಿದೆ: ಮನುಷ್ಯನ ಜೀನ್‌ಗಳ ನಕ್ಷೆಯೂ ಪುಸ್ತಕದ ಹಾಗೆಯೇ. ಆವೃತ್ತಿ ಬದಲಾದರೆ ಪುಟಸಂಖ್ಯೆ ಬದಲಾಗುತ್ತದೆ. ಹಳೆಯ ನಕ್ಷೆಯಲ್ಲಿ ಒಂದು ಜೀನ್ ಇದ್ದ ಜಾಗದ ಸಂಖ್ಯೆಗೆ ಹೊಸ ನಕ್ಷೆಯಲ್ಲಿ ಪಕ್ಕದ ಜೀನ್ ಬಂದು ಕೂತಿರುತ್ತದೆ. ಆದ್ದರಿಂದ ಯಾವ ಫೈಲ್ ಕೈಗೆ ಬಂದರೂ ಮೊದಲು ಕೇಳಿ — ಯಾವ ಆವೃತ್ತಿ? ಬಾಗಿಲ ಮೇಲೂ ಅದನ್ನೇ ಬರೆದು ಅಂಟಿಸಿದ್ದೇನೆ. ನನ್ನ ಬೆನ್ನ ಹಿಂದೆ ನಗುತ್ತಾರೆ, ಗೊತ್ತು.

ದಂತವೈದ್ಯ ಕೈ ಎತ್ತಿದ. “ಹಂಗಾದ್ರೆ ನೀನು ಕೊಟ್ಟಿರೋ ಈ ಪಟ್ಟಿ ಯಾವ ಆವೃತ್ತಿ, ಹೆಲ್ಕಾ?”

“ಹೊಸದೇ. ಇನ್ನೇನು” ಅಂದೆ. ಎಲ್ಲರೂ ನಕ್ಕರು.

ಬರುವಾಗ ಸೈಮಿ ಸಿಕ್ಕಳು. ಕಿವಿ ವಿಭಾಗದ ವೈದ್ಯೆ, ಡಾಕ್ಟರೇಟ್ ಮಾಡುತ್ತಿದ್ದಾಳೆ, ಹೋದ ವರ್ಷ ನನ್ನ ಕೋರ್ಸಿಗೆ ಬಂದಿದ್ದವಳು. ಮುಖ ಅರಳಿತ್ತು. ಪ್ರಬಂಧ ಈ ತಿಂಗಳ ಕೊನೆಗೆ ಪರೀಕ್ಷಕರಿಗೆ ಹೋಗುತ್ತದಂತೆ. ಶಾಲೆ ಸೇರುವ ವಯಸ್ಸಿಗೆ ಕಿವಿ ಮಂದವಾಗುವ ಮಕ್ಕಳು — ಒಂಬತ್ತು ಕುಟುಂಬ — ಒಂಬತ್ತಕ್ಕೂ ಒಂದೇ ಜೀನ್ ಕಾರಣ.

“ಹದಿನೈದನೇ ತಾರೀಕು ಮನೆಮನೆಗೆ ಕಾಗದ ಹಾಕ್ತೀವಿ. ಚಿಕ್ಕ ಮಕ್ಕಳನ್ನೂ ಪರೀಕ್ಷೆಗೆ ಕರ್ಕೊಂಡು ಬನ್ನಿ ಅಂತ. ಯಾವ ಮಗುಗೆ ಆ ಜೀನ್‌ನಲ್ಲಿ ಬದಲಾವಣೆ ಇಲ್ವೋ ಅದು ನಿಶ್ಚಿಂತೆ. ಎಲ್ಲಾ ನಿನ್ನ ಕೋರ್ಸಿಂದ, ಹೆಲ್ಕಾ. ನಿನ್ನ ಫೈಲನ್ನೇ ಎತ್ಕೊಂಡು ಹೋಗಿ ಕೆಲಸ ಮಾಡಿದ್ದು.”

ಮನೆಗೆ ಬಂದು ದಾಲ್ಚಿನ್ನಿ ಬನ್ ಎರಡು ತಿಂದೆ. ಖುಷಿಗೆ.

ನವೆಂಬರ್ 8, ಶುಕ್ರವಾರ, ಮಧ್ಯಾಹ್ನ 3

ಬರೆಯಲು ಮನಸ್ಸಿಲ್ಲ. ಇರಲಿ, ಬರೆಯುತ್ತೇನೆ.

ದಂತವೈದ್ಯನ ಪ್ರಶ್ನೆ ತಲೆಯಲ್ಲಿ ಉಳಿದಿತ್ತು. ಕೋರ್ಸಿನ ಪುಟದಲ್ಲಿ ‘ಹೊಸ ಆವೃತ್ತಿ’ ಎಂದು ಒಂದು ಸಾಲು ಸೇರಿಸೋಣ ಎಂದು ಫೈಲ್ ತೆಗೆದೆ. ಸೇರಿಸುವ ಮೊದಲು ನೋಡಬೇಕಲ್ಲ — ನೋಡಿದೆ.

ಹಳೆಯದು.

ಮೂರು ವರ್ಷದ ಹಿಂದೆ ಕೋರ್ಸಿನ ಅಭ್ಯಾಸಕ್ಕಿಟ್ಟ ರೋಗಿಗಳ ಪಟ್ಟಿಯನ್ನು ಹೊಸ ನಕ್ಷೆಗೆ ಬದಲಿಸಿದ್ದೆ. ಯಾವ ಸಂಖ್ಯೆಗೆ ಯಾವ ಜೀನ್ ಎಂದು ಹೇಳುವ ಪಟ್ಟಿಯನ್ನು ಬದಲಿಸಲು ಮರೆತಿದ್ದೇನೆ. ಎರಡು ಬೇರೆ ಆವೃತ್ತಿ, ಒಂದೇ ಅಭ್ಯಾಸ. ಉತ್ತರ ಬರುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ, ತಪ್ಪಾಗಿರುತ್ತದೆ.

ಸೈಮಿ ಎತ್ತಿಕೊಂಡು ಹೋಗಿದ್ದು ಅದೇ ಪಟ್ಟಿ. ಅವಳ ಒಂಬತ್ತು ಕುಟುಂಬದ ಸಂಖ್ಯೆಗಳು ಆಸ್ಪತ್ರೆಯ ಪ್ರಯೋಗಾಲಯದಿಂದ ಬಂದವು, ಹೊಸ ನಕ್ಷೆಯವು.

ಅಂದರೆ ಅವಳು ಹಿಡಿದಿರುವ ಜೀನ್ ಆ ಜೀನ್ ಅಲ್ಲ.

ಮೂವತ್ತು ವರ್ಷ ಊರಿಗೆಲ್ಲ ಕೇಳಿದೆ, ಯಾವ ಆವೃತ್ತಿ, ಯಾವ ಆವೃತ್ತಿ. ನನ್ನ ಫೈಲಿಗೆ ಕೇಳಲಿಲ್ಲ.

ನವೆಂಬರ್ 10, ಭಾನುವಾರ

ನಿನ್ನೆ ಏನೂ ಬರೆಯಲಿಲ್ಲ. ಸೌನಾದ ಹಬೆಕೋಣೆ ಕಾಯಿಸಿದೆ, ಒಳಗೆ ಕೂರಲಾಗಲಿಲ್ಲ. ಒಲೆ ಸುಮ್ಮನೆ ಉರಿದು ಆರಿತು.

ಸುಳ್ಳು ಬರೆಯುವುದು ಬೇಡ. ಎರಡು ದಿನವೂ ಒಂದೇ ಯೋಚನೆ — ಪುಟದಲ್ಲಿ ಫೈಲ್ ಬದಲಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಪರೀಕ್ಷಕರು ಕಂಡುಹಿಡಿಯಲಿ. ಅದು ಅವರ ಕೆಲಸ ತಾನೇ.

ಆದರೆ ಕಾಗದಗಳು ಶುಕ್ರವಾರವೇ ಹೋಗುತ್ತವೆ. ಒಂಬತ್ತು ಮನೆಗೆ. ಯಾವುದೋ ಮನೆಯಲ್ಲಿ ಚಿಕ್ಕ ಮಗುವಿಗೆ ಏನೂ ಇಲ್ಲ, ನಿಶ್ಚಿಂತೆಯಿಂದಿರಿ ಎಂದು ಹೇಳಿಬಿಡುತ್ತಾರೆ. ತಪ್ಪು ಜೀನ್ ನೋಡಿ.

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನಾಳೆ ಹೇಳುತ್ತೇನೆ.

ನವೆಂಬರ್ 11, ಸೋಮವಾರ

ಹೇಳಿದೆ.

ಮೊದಲು ವೇಯೋಗೆ. ಒಂಬತ್ತೂವರೆ ಕಾಫಿಗೆ. ಅವನು ಪೂರ್ತಿ ಕೇಳಿ ಲೋಟ ಕೆಳಗಿಟ್ಟ. ವಸಂತದಲ್ಲಿ ವಿಶ್ವವಿದ್ಯಾಲಯ ನಮ್ಮ ಕೋರ್ಸ್‌ಗಳನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ, ಅದು ಅವನಿಗೂ ಗೊತ್ತು ನನಗೂ ಗೊತ್ತು. ಸ್ವಲ್ಪ ಕಾಯೋಣ ಅನ್ನುತ್ತಾನೆ ಅಂದುಕೊಂಡೆ.

“ಇಲ್ಲಿ ಯಾಕೆ ಕೂತಿದೀಯ?” ಅಂದ. “ಕಿವಿ ವಿಭಾಗ ಅಂಗಳದಾಚೆ, ನಾಲ್ಕನೇ ಮಹಡಿ.”

“ಕೋರ್ಸ್ ನಿಲ್ಲಿಸಿಬಿಟ್ರೆ?”

“ನಿಲ್ಲಿಸ್ಲಿ. ನಾನು ಬರ್ಲಾ ಜೊತೆಗೆ?”

“ಬೇಡ.”

“ಹೋಗು ಮತ್ತೆ. ನಿನ್ನ ಲೋಟ ನಾನೇ ತೊಳೀತೀನಿ.”

ಮೂವತ್ತು ವರ್ಷಕ್ಕೆ ಇದೇ ಮೊದಲು. ಲಿಫ್ಟಿನಲ್ಲಿ ನೆನೆದು ಅಳು ಬಂತು.

ಸೈಮಿ ಮೇಜಿನ ಮೇಲೆ ಲಕೋಟೆಗಳು. ವಿಳಾಸ ಬರೆದು ಆಗಿತ್ತು. ನಿಂತುಕೊಂಡೇ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ನನ್ನ ಫೈಲ್ ಹಳೆಯ ನಕ್ಷೆಯದು, ನಿನ್ನ ಸಂಖ್ಯೆ ಹೊಸದರವು, ತಪ್ಪು ನನ್ನದು, ಕಾಗದ ಕಳಿಸಬೇಡ.

ಅವಳ ಮುಖ ಬಿಳುಚಿಕೊಂಡಿತು. ಕಿಟಕಿಯಾಚೆ ಯಾರೋ ಸೈಕಲ್ಲಿನ ಮೇಲಿನ ಹಿಮ ಕೆರೆಯುವುದನ್ನೇ ನೋಡುತ್ತಿದ್ದಳು.

“ಎಂಟು ತಿಂಗಳ ಕೆಲಸ, ಹೆಲ್ಕಾ.”

“ಗೊತ್ತು.”

“ಎಂಟು ತಿಂಗಳು. ರಜಾದಲ್ಲೂ ಮಾಡಿದೀನಿ.”

“ಗೊತ್ತು ಸೈಮಿ.”

“ಗೊತ್ತು ಗೊತ್ತು ಅನ್ಬೇಡ.”

ಬೈಯಲಿ ಎಂದು ಕಾದೆ. ಬೈದರೆ ಹಗುರವಾಗುತ್ತಿತ್ತು. ಅವಳು ಪಕ್ಕದ ಕುರ್ಚಿಯನ್ನು ಕಾಲಿಂದ ನನ್ನ ಕಡೆ ತಳ್ಳಿದಳು.

“ಕೂತ್ಕೊ. ಎರಡೂ ಫೈಲ್ ತೆಗಿ. ನೋಡೋಣ ಎಷ್ಟು ಉಳಿಯುತ್ತೆ.”

ನಾಲ್ಕು ಗಂಟೆಯವರೆಗೆ ಕೂತೆವು. ಊಟದ ನೆನಪು ಇಬ್ಬರಿಗೂ ಆಗಲಿಲ್ಲ. ಅವಳ ಡ್ರಾಯರಿನಲ್ಲಿದ್ದ ಒಣ ರೈ ಬ್ರೆಡ್ ಮುರಿದುಕೊಂಡು ತಿಂದೆವು. ಹೊಸ ನಕ್ಷೆಯ ಪಟ್ಟಿ ಹಾಕಿದಾಗ: ನಾಲ್ಕು ಕುಟುಂಬ ಪಕ್ಕದ ಜೀನ್‌ಗೆ ಬಂದವು. ಐದು ಯಾವ ಜೀನ್‌ಗೂ ಬರಲಿಲ್ಲ.

ಐದು ಮನೆಗೆ ಉತ್ತರವೇ ಇಲ್ಲ.

ಸೈಮಿ ಲಕೋಟೆಗಳನ್ನು ಒಂದೊಂದಾಗಿ ಡ್ರಾಯರಿಗೆ ಹಾಕಿದಳು. ಕೆಲವರ ಹೆಸರು ಮೆಲ್ಲಗೆ ಓದುತ್ತಿದ್ದಳು. ಎಲ್ಲರನ್ನೂ ಬಲ್ಲಳು, ಆ ಮಕ್ಕಳ ಕಿವಿ ಅವಳೇ ನೋಡಿದ್ದು.

ನವೆಂಬರ್ 12, ಮಂಗಳವಾರ

ಇವತ್ತಿನ ಕೋರ್ಸ್ ರದ್ದು. ಮೂರು ವರ್ಷದಲ್ಲಿ ಕೋರ್ಸಿಗೆ ಬಂದ ನೂರ ಹದಿನೆಂಟು ಜನಕ್ಕೂ ಇಮೇಲ್ ಬರೆದೆ. ತಪ್ಪು ಏನು, ಯಾರದು, ಸರಿಯಾದ ಫೈಲ್ ಎಲ್ಲಿದೆ. ‘ಕಳಿಸು’ ಒತ್ತುವ ಮೊದಲು ಎದ್ದು ಗಿಡಗಳಿಗೆ ನೀರು ಹಾಕಿ ಬಂದೆ. ಎರಡು ಸಲ.

ಸಂಜೆಯೊಳಗೆ ನಲವತ್ತು ಉತ್ತರ. ಆ ಫೈಲನ್ನು ಕೋರ್ಸಿನಾಚೆ ಬಳಸಿದ್ದು, ಇಲ್ಲಿಯವರೆಗೆ ತಿಳಿದಂತೆ, ಸೈಮಿ ಒಬ್ಬಳೇ, ಪುಣ್ಯ. ದಂತವೈದ್ಯ ಬರೆದಿದ್ದಾನೆ: “ಇನ್ಮೇಲೆ ಬಾಗಿಲ ಚೀಟಿ ಒಳಗಡೆಗೂ ಅಂಟಿಸು.” ಅಂಟಿಸಿದೆ. ನನ್ನ ಕುರ್ಚಿಗೆ ಎದುರಾಗಿ.

ನವೆಂಬರ್ 28, ಗುರುವಾರ

ಕೌಕೊ ಕರೆಸಿದ. ಸೈಮಿಯ ಮಾರ್ಗದರ್ಶಕ, ಕಿವಿ ವಿಭಾಗದ ಪ್ರೊಫೆಸರ್. ಗ್ರಂಥಾಲಯದವರು ಡೇಟಾಕ್ಕೆ ಕೈ ಹಾಕುವುದು ಯಾಕೆ ಎಂದು ಹಿಂದೊಮ್ಮೆ ಸಭೆಯಲ್ಲಿ ಮುಖಕ್ಕೇ ಅಂದಿದ್ದವನು. ಇವತ್ತು ತಲೆ ತಗ್ಗಿಸಿಕೊಂಡು ಹೋದೆ.

“ನೀನು ತಪ್ಪು ಮಾಡಿದೆ” ಅಂದ. “ಸೈಮಿ ನೋಡ್ಲಿಲ್ಲ. ನಾನು ನಾಲ್ಕು ಸಲ ಓದಿದೆ, ನಾನೂ ನೋಡ್ಲಿಲ್ಲ. ಬಂದು ಹೇಳಿದ್ದು ನೀನೊಬ್ಬಳೇ. ಈಗ ಆ ಪಕ್ಕದ ಜೀನ್ ಬಗ್ಗೆ ಲೋಕದಲ್ಲಿ ಯಾರ್ಯಾರು ಏನೇನು ಬರೆದಿದಾರೋ ಎಲ್ಲಾ ಹುಡುಕಿಕೊಡ್ತೀಯಾ?”

ಕೊಡುತ್ತೀಯಾ ಅಂತ ಬೇರೆ ಕೇಳುತ್ತಾನೆ. ನನಗೆ ಬರುವ ಕೆಲಸವೇ ಅದು.

ಜನವರಿ 14, ಮಂಗಳವಾರ

ಏಳು ವಾರ ಹುಡುಕಿದೆ. ಎರಡು ಸಾವಿರದ ಮುನ್ನೂರು ಲೇಖನದ ಶೀರ್ಷಿಕೆ ಕಣ್ಣಾಡಿಸಿದೆ, ಓದಿದ್ದು ತೊಂಬತ್ತು. ಕೆಲಸಕ್ಕೆ ಬಂದವು ಎರಡು. ಒಂದು ಇಲಿಗಳ ಒಳಗಿವಿಯ ಬಗ್ಗೆ — ಆ ಜೀನ್ ಕೆಡಿಸಿದರೆ ಇಲಿಗೆ ಮೆಲ್ಲಗೆ ಕಿವಿ ಮಂದ. ಇನ್ನೊಂದು ಪೋರ್ಚುಗಲ್ಲಿನ ಒಂದು ಕುಟುಂಬ, ಅಲ್ಲಿಯ ಸಣ್ಣ ಪತ್ರಿಕೆಯಲ್ಲಿ, ಅಡಿಟಿಪ್ಪಣಿಯಲ್ಲಿ — ಅದೇ ಜೀನ್, ಅದೇ ವಯಸ್ಸಿಗೆ ಕಿವಿ ಮಂದ. ಅದನ್ನು ಓದಿ ಕುರ್ಚಿಯಿಂದ ಎದ್ದುಬಿಟ್ಟೆ.

ಸೈಮಿಗೆ ಫೋನ್ ಮಾಡಿದೆ. ಓಡಿ ಬಂದಳು, ಕೋಟು ಹಾಕದೆ, ಮೈನಸ್ ಹದಿನೆಂಟರಲ್ಲಿ.

“ನಾಲ್ಕು ಕುಟುಂಬದ ಲೆಕ್ಕ ನಿಲ್ಲುತ್ತೆ” ಅಂದಳು. “ಹೆಲ್ಕಾ, ನಿಲ್ಲುತ್ತೆ.”

“ಕೋಟ್ ಎಲ್ಲಿ ನಿಂದು?”

“ಅಮ್ಮನ ಥರ ಆಡ್ಬೇಡ. ಮುದ್ರಿಸು ಅದನ್ನ.”

ಪರೀಕ್ಷಕರಿಗೆ ಮುಂದಿನ ವಾರ ಹೋಗುತ್ತದೆ. ಎರಡು ತಿಂಗಳು ತಡ, ಅಷ್ಟೇ. ನಾಲ್ಕು ಮನೆಗೆ ಹೊಸ ಕಾಗದ. ಉಳಿದ ಐದು ಮನೆಗೆ ಅವಳೇ ಫೋನ್ ಮಾಡಿ ಹೇಳಿದ್ದಾಳೆ: ಕಾರಣ ಇನ್ನೂ ಸಿಕ್ಕಿಲ್ಲ, ಮಕ್ಕಳ ತಪಾಸಣೆ ನಿಲ್ಲಿಸಬೇಡಿ.

ಏಪ್ರಿಲ್ 16, ಬುಧವಾರ

ಸೈಮಿ ಜೊತೆ ಜಗಳ ಆಯಿತು. ನಾನು: ತಪ್ಪು ಗ್ರಂಥಾಲಯದ ಕೋರ್ಸಿನಿಂದ ಬಂತೆಂದು ಪ್ರಬಂಧದ ಪುಸ್ತಕದಲ್ಲಿ ಬರೆ. ಅವಳು: ಬರೆಯೋದಿಲ್ಲ, ನೋಡದೆ ಉಪಯೋಗಿಸಿದ್ದು ನಾನು. ನಾನು: ಹಠಮಾರಿ. ಅವಳು: ನಿನ್ನಿಂದ ಕಲಿತದ್ದು.

ಕೊನೆಗೆ ‘ಆವೃತ್ತಿಗಳು ಬೆರೆತಿದ್ದವು, ಸರಿಪಡಿಸಲಾಗಿದೆ’ ಎಂದು ಒಂದು ಸಾಲು. ಒಪ್ಪಿದೆ.

ವೇಯೋ ಬಾಗಿಲಲ್ಲಿ ತಲೆ ಹಾಕಿ ಹೇಳಿದ: ಕೋರ್ಸ್‌ಗಳು ಮುಂದುವರಿಯುತ್ತವೆ. ಕೌಕೊ ಸಮಿತಿಗೆ ಒಂದು ಪುಟ ಬರೆದಿದ್ದಾನಂತೆ. ಏನು ಬರೆದ ಎಂದು ವೇಯೋ ಹೇಳಲಿಲ್ಲ, ಆದರೆ ಕಾಫಿ ಯಂತ್ರ ಅವನೇ ತೊಳೆದ.

ಮೇ 13, ಮಂಗಳವಾರ

ಸೈಮಿಯ ಪುಸ್ತಕ ಬಂತು. ಎಲ್ಲರೂ ಮಾಡುವುದನ್ನೇ ಮಾಡಿದೆ, ಕೃತಜ್ಞತೆಯ ಪುಟ ಮೊದಲು ತೆಗೆದೆ. ಕೌಕೊ ಆದಮೇಲೆ, ಅವಳ ಗಂಡನಿಗೂ ಮೊದಲು, ನಾನು. ಏನು ಬರೆದಿದ್ದಾಳೆಂದು ಇಲ್ಲಿ ಬರೆಯುವುದಿಲ್ಲ. ಬಾಯಿಪಾಠವಾಗಿದೆ.

ಇಪ್ಪತ್ಮೂರಕ್ಕೆ ಪ್ರಬಂಧದ ಸಾರ್ವಜನಿಕ ವಾದ, ಸಂಜೆ ಕರೋಂಕ್ಕಾ, ಡಾಕ್ಟರೇಟ್ ಆದವರು ಕೊಡುವ ಊಟ. ಅಲ್ಲಿ ಅವಳು ಸರದಿಯಲ್ಲಿ ಒಬ್ಬೊಬ್ಬರಿಗೂ ವಂದಿಸುತ್ತಾಳೆ, ಅದೇ ಸರದಿಯಲ್ಲಿ ಒಬ್ಬೊಬ್ಬರೂ ಎದ್ದು ಉತ್ತರ ಹೇಳಬೇಕು. ಗ್ರಂಥಪಾಲಕರನ್ನು ಯಾರೂ ಆ ಮೇಜಿಗೆ ಕರೆಯುವುದಿಲ್ಲ. ಕರೆದಿದ್ದಾಳೆ.

“ನಗಿಸ್ಬೇಕು” ಎಂದು ವೇಯೋ ಉಪದೇಶ. “ಪ್ರೊಫೆಸರ್‌ಗಿಂತ ಉದ್ದ ಮಾತಾಡ್ಬಾರ್ದು. ಅಳ್ಬಾರ್ದು.” ಅವನೂ ಬರುತ್ತಾನೆ. ಕೌಕೊನೇ ಕರೆಸಿದ್ದು.

ಮೇ 23, ಶುಕ್ರವಾರ, ಸಂಜೆ 5.10

ಆಯಿತು. ಹನ್ನೆರಡಕ್ಕೆ ಸರಿಯಾಗಿ ಸೈಮಿ ಕಪ್ಪು ಉಡುಪಿನಲ್ಲಿ ಒಳಗೆ ಬಂದಳು, ಎರಡೂವರೆ ಗಂಟೆ ನಿಂತಳು. ಪ್ರಶ್ನೆ ಕೇಳಲೆಂದೇ ಬಂದ ಎದುರಾಳಿ ಪ್ರೊಫೆಸರ್ ಆ ಒಂದು ಸಾಲನ್ನೇ ಹಿಡಿದ: ಆವೃತ್ತಿಗಳು ಬೆರೆತದ್ದು ಹೇಗೆ ಗೊತ್ತಾಯಿತು? ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಸೈಮಿ ಅಂದಳು, “ಕೇಳೋ ಅಭ್ಯಾಸ ಇರೋರು ಒಬ್ರು ಕೇಳಿದ್ರು.” ಮೂರನೇ ಸಾಲಿನಲ್ಲಿ ದಂತವೈದ್ಯ ತಿರುಗಿ ನನ್ನನ್ನು ನೋಡಿದ.

ಆಮೇಲೆ ಕೇಕು, ಕಾಫಿ. ನನ್ನ ಹತ್ತಿರ ಒಬ್ಬ ಹೆಂಗಸು ಬಂದಳು, ಮೂವತ್ತೈದು ಇರಬಹುದು.

“ಗ್ರಂಥಾಲಯದ ಹೆಲ್ಕಾ ಅಂದ್ರೆ ನೀನೇನಾ? ನಾನು ಏರಿಕಾ. ಸೈಮಿ ಎಲ್ಲಾ ಹೇಳಿದ್ಲು. ಕಾರಣ ಸಿಗದ ಆ ಐದರಲ್ಲಿ ನಮ್ಮದೂ ಒಂದು ಮನೆ.”

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

“ಸಣ್ಣವಳಿಗೆ ಏನೂ ಇಲ್ಲ ಅಂತ ಅವತ್ತು ಹೇಳಿಬಿಟ್ಟಿದ್ರೆ ನಾವು ನಂಬ್ತಿದ್ವಿ. ತಪಾಸಣೆ ಬಿಡ್ತಿದ್ವಿ. ಬಿಡಲಿಲ್ಲ, ಅದಕ್ಕೇ ಮಾರ್ಚ್‌ನಲ್ಲಿ ಗೊತ್ತಾಯ್ತು, ಅವಳಿಗೂ ಶುರುವಾಗಿದೆ. ಈಗ ಕಿವಿಗೆ ಯಂತ್ರ ಹಾಕಿದೀವಿ. ಮಾತು ಒಂದೂ ತಪ್ಪಿಲ್ಲ ಅವಳಿಗೆ. ಬೆಳಿಗ್ಗೆ ಎದ್ದು ಕೋಗಿಲೆ ಕೂಗು ಎಣಿಸ್ತಾಳೆ.”

ಅವಳ ಕೈ ಹಿಡಿದುಕೊಂಡೆ.

“ಯಾಕೆ ಹಿಂಗಾಯ್ತು ಅಂತ ನಮಗಿನ್ನೂ ಗೊತ್ತಿಲ್ಲ” ಅಂದಳು. “ನೀವು ಹುಡುಕ್ತಾ ಇರ್ತೀರಲ್ವಾ?”

“ಸೋಮವಾರದಿಂದ” ಅಂದೆ. ಇಬ್ಬರೂ ಕೈ ಹಿಡಿದುಕೊಂಡೇ ನಿಂತಿದ್ದೆವು, ಅವಳ ಕಾಫಿ ಆರಿಹೋಯಿತು.

ಇವತ್ತಿನ ಊಟದ ಮೇಜಿಗೆಂದು ಹತ್ತು ದಿನ ತಿದ್ದಿ ತಿದ್ದಿ ಬರೆದ ಭಾಷಣ ಹರಿದುಹಾಕಿದೆ. ನಗಿಸುವ ಸಾಲುಗಳೆಲ್ಲ ಹೋದವು. ಇಷ್ಟು ಹೇಳಿದರೆ ಸಾಕು:

ಸೈಮಿ, ಅವತ್ತು ನೀನು ನನ್ನನ್ನು ಹೊರಗೆ ಕಳಿಸಬಹುದಿತ್ತು. ಕುರ್ಚಿ ತಳ್ಳಿ ಕೂತ್ಕೊ ಅಂದೆ. ನೀನು ಹಾಗೆ ಅನ್ನದೆ ಇದ್ದಿದ್ದರೆ ನಾನು ಮತ್ತೆ ಯಾರಿಗೂ ಪಾಠ ಹೇಳುತ್ತಿರಲಿಲ್ಲ. ಆ ಕುರ್ಚಿಗೆ ನಾನು —

ವೇಯೋ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬಂದೆ, ಇರಪ್ಪ. ಕನ್ನಡಕ ಎಲ್ಲಿಟ್ಟೆ