ದೂರು ಕೊಡುವವರು ಬೇಕಂತೆ

ಜೂನ್ ೯, ಬುಧವಾರ

ಸಿಟ್ಟಿಗೆ ಊಟವೂ ಸೇರಲಿಲ್ಲ. ಊರೆಲ್ಲ ಕಾಯಿಲೆ ಹಬ್ಬಿರುವಾಗ ಆಕ್ಸಿಜನ್ ಸಿಲಿಂಡರನ್ನು ಸರ್ಕಾರ ಗೊತ್ತುಮಾಡಿದ ಬೆಲೆಯ ಐದು ಪಟ್ಟಿಗೆ ಮಾರುತ್ತಿದ್ದಾನೆ ಆ ವ್ಯಾಪಾರಿ. ಇಂದು ತಪಾಸಣೆಗೆ ಹೋದರೆ ಕುರ್ಚಿಯಿಂದ ಏಳಲೂ ಇಲ್ಲ. "ಯಾರು ಹೇಳಿದ್ದು ಮೇಡಂ? ಒಬ್ಬರನ್ನಾದ್ರೂ ಕರ್ಕೊಂಡು ಬನ್ನಿ" ಎಂದು ನಕ್ಕ. ನಮ್ಮ ಸಾಹೇಬರದ್ದೂ ಅದೇ ರಾಗ: ಬಿಲ್ ಇಲ್ಲ, ಕೊಂಡವರ ದೂರಿಲ್ಲದೆ ಕೇಸು ನಿಲ್ಲುವುದಿಲ್ಲ. ಆ ವ್ಯಾಪಾರಿಯ ಗೋದಾಮಿನ ಮುಂದೆ ಸಾಲಿನಲ್ಲಿದ್ದವರನ್ನು ದೂರು ಕೊಡುತ್ತೀರಾ ಎಂದು ಕೇಳಿದೆ. ಎಲ್ಲರೂ ನೆಲ ನೋಡಿದರು.

ಮನೆಗೆ ಬಂದರೆ ಅಮ್ಮನ ಮಂಚದ ಪಕ್ಕ ಹೊಸ ಸಿಲಿಂಡರ್. ಅದರ ಮೇಲೆ ಅದೇ ಗೋದಾಮಿನ ಹಸಿರು ಪಟ್ಟಿ. ಅಣ್ಣ ತಂದದ್ದು.

"ಎಷ್ಟು ಕೊಟ್ಟೆ?"

"ಕೇಳಿದಷ್ಟು ಕೊಟ್ಟೆ. ಸುಮ್ನಿರು."

"ದೂರು ಬರ್ಕೊಡು ಅಣ್ಣಾ."

"ತಲೆ ಕೆಟ್ಟಿದೆಯಾ ನಿಂಗೆ? ಇದು ನಾಳೆ ಸಂಜೆಗೆ ಮುಗಿಯುತ್ತೆ. ಆಮೇಲೆ ಯಾರು ಕೊಡ್ತಾರೆ, ನಿನ್ನ ಕಾನೂನಾ?"

ಅಮ್ಮನೇ ಮುಖದ ಮೇಲಿನ ಮಾಸ್ಕ್ ಸರಿಸಿದಳು.

"ಉಸಿರಾಡ್ತಿರೋಳು ನಾನು ತಾನೇ? ನನ್ನ ಹೆಸರಲ್ಲೇ ಬರಿ."

ಅಣ್ಣ ದಡಾರನೆ ಬಾಗಿಲು ಹಾಕಿಕೊಂಡು ಹೋದ. ನಾನು ಬರೆದೆ, ಅವಳು ಸಹಿ ಹಾಕಿದಳು.

ನಾಳೆ ಗೋದಾಮು ತೆರೆಯುವ ಹೊತ್ತಿಗೇ ಅಲ್ಲಿರುತ್ತೇನೆ. ಅಷ್ಟೂ ಸಿಲಿಂಡರುಗಳನ್ನು ಸರಿಯಾದ ಬೆಲೆಗೆ ಮಾರಿಸುತ್ತೇನೆ, ಅಣ್ಣನನ್ನೂ ಎಲ್ಲರ ಜೊತೆ ಸಾಲಿನಲ್ಲೇ ನಿಲ್ಲಿಸುತ್ತೇನೆ. ಸಾಹೇಬರು ಅಡ್ಡ ಬಂದರೆ ಬರಲಿ. ಉಸಿರಿಗೆ ಒದ್ದಾಡುವವಳು ಎದ್ದು ಕೂತು ಸಹಿ ಹಾಕಿದ ಮೇಲೂ ಇವರಿಗೆ ಇನ್ನೊಂದು ಸಾಕ್ಷಿ ಬೇಕು ಎಂದರೆ ನಾನು—