ಚರ್ಚಿನ ಗೇಟು

ಪ್ರೀತಿಯ ಅತ್ತೆ,

ಇಂಗ್ಲೆಂಡಿನ ಈ ಹಳ್ಳಿಯಲ್ಲೂ ನನಗೆ ಮನೆಯೊಳಗೆ ಕೂರಲಾಗುತ್ತಿಲ್ಲ. ನನ್ನನ್ನು ಮನೆಯಲ್ಲಿಟ್ಟುಕೊಂಡಿರುವ ಛಾಯಕ್ಕ ಬೈದರೂ ಕೇಳದೆ ದಿನಕ್ಕೊಂದು ದಾರಿ ಹಿಡಿದು ಓಡುತ್ತೇನೆ. ಕಾಲುದಾರಿಗಳು ಯಾರದೋ ಗೋಧಿ ಹೊಲ, ಯಾರದೋ ಹಿತ್ತಲು ದಾಟಿ ಹೋಗುತ್ತವೆ, ಯಾರೂ ತಡೆಯುವುದಿಲ್ಲ. ಅಮೆರಿಕದಲ್ಲಿ, ಪ್ಲಿಮತ್‌ನ ನಮ್ಮ ಬಡಾವಣೆಯಲ್ಲಾದರೆ ಪಕ್ಕದವರ ಹುಲ್ಲು ತುಳಿದರೂ ಪೊಲೀಸರಿಗೆ ಫೋನ್ ಹೋಗುತ್ತದೆ.

ಇವತ್ತಿನ ದಾರಿ ಚರ್ಚಿನ ಸಮಾಧಿಗಳ ನಡುವೆ ಹಾಯಿತು. ದೇವಸ್ಥಾನಕ್ಕೆ ಹೋದಾಗೆಲ್ಲ ನೀವು ಮಾಡಿಸಿದ ಅಭ್ಯಾಸ, ಗೇಟಿನಲ್ಲೇ ಶೂ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಡೆದೆ. ಹೂಗಿಡ ನೆಡುತ್ತಿದ್ದ ಮುದುಕಿಯೊಬ್ಬರು, "ಕಾಲು ನೋವೇನಮ್ಮ? ಸ್ಟೂಡೆಂಟಾ ನೀನು?" ಎಂದರು.

"ನಮ್ಮ ಸುಚೇತಾ ಇಂಗ್ಲೆಂಡಲ್ಲಿ ಕೋರ್ಸ್ ಮಾಡ್ತಿದಾಳೆ" ಅಂತ ನೀವು ದೇವಸ್ಥಾನದ ಆಂಟಿಗಳಿಗೆಲ್ಲ ಹೇಳುವ ಸುಳ್ಳು ನನ್ನ ಬಾಯಿಗೂ ಬಂದಿತ್ತು. ನುಂಗಿಕೊಂಡು, "ಇಲ್ಲ, ಕಾಲೇಜು ಅರ್ಧಕ್ಕೇ ಬಿಟ್ಟೆ" ಎಂದೆ.

"ಗೇಟೂ ತೆರೆದೇ ಬಿಟ್ಟಿದೀಯ. ಹೋಗಿ ಹಾಕು, ಕುರಿ ಬಂದ್ರೆ ಹೂವೆಲ್ಲ ತಿಂದುಬಿಡ್ತವೆ."

ಅಷ್ಟೇ. ಅವರು ಮತ್ತೇನೂ ಕೇಳಲಿಲ್ಲ. ನಾನು ಗೇಟು ಹಾಕಿ, ಶೂ ಹಾಕಿಕೊಂಡು ಓಡಿದೆ.

ನೀವು ಕೇಳಿದ್ದಿರಲ್ಲ, ಕೆಮ್ಮು ಹೋಗಿದೆ, ಮೊಣಕಾಲೂ ಸರಿಯಾಗಿದೆ. ಆದರೆ ವಾಪಸು ಬಂದ ಮೇಲೂ ನಾನು ಕಾಲೇಜಿಗೆ ಹೋಗುವುದಿಲ್ಲ, ಯಾರು ಕೇಳಿದರೂ ಹಾಗೇ ಹೇಳುತ್ತೇನೆ. ನೀವು ಪಕ್ಕದಲ್ಲಿದ್ದಾಗ ಹೇಳಿದರೆ ನಿಮಗೆ ಮುಜುಗರ, ಅದಕ್ಕೆ ಮೊದಲು ನೀವೇ ಹೇಳಿಬಿಡಿ. ಅದು ಕಷ್ಟವಾದರೆ, ಬಂದ ಪೋಸ್ಟ್‌ಕಾರ್ಡನ್ನೆಲ್ಲ ಫ್ರಿಜ್‌ಗೆ ಅಂಟಿಸುತ್ತೀರಲ್ಲ, ಇದನ್ನೂ ಅಂಟಿಸಿ. ಚಿತ್ರದ ಬದಿಯಲ್ಲ, ನಾನು ಬರೆದ ಈ ಬದಿ ಕಾಣುವ ಹಾಗೆ.

ಮಳೆ ನಿಂತಿತು, ಹೊರಟೆ.
ಸುಚೇತಾ